ಸಕ್ಕರೆ ಕಾಯಿಲೆ: ಪರೀಕ್ಷೆಯ ಚೀಟಿ ಮತ್ತು ಊಟದ ಎಲೆ

(ಬಾನುಲಿ ಭಾಷಣ)

ನಂಜನಗೂಡಿನ ಹೆಸರಿನಲ್ಲಿಯೇ ನಂಜು ಇದೆ. ನಂಜನ್ನು ಉಂಡವನು ನಂಜುಂಡ. ಅವನ ಊರಿಗೆ ಸಂಸ್ಕೃತದಲ್ಲಿ ಗರಳಪುರಿ ಎಂದು ಹೆಸರು. ಟಿಪ್ಪು ಸುಲ್ತಾನನ ಆನೆಯ ಕಣ್ಣಿನ ರೋಗ ಈ ಸನ್ನಿಧಿಯಲ್ಲಿ ವಾಸಿಯಾಯಿತೆಂದೂ, ಅಂದಿನಿಂದ ಸುಲ್ತಾನನು ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂದೂ ಐತಿಹ್ಯವುಂಟು. ವೈದ್ಯನೆಂಬ ಬಿರುದು ಪಡೆದ ಆ ದೇವರ ಪಾದವನ್ನು ತೊಳೆದು ಹರಿಯುವ ಕಪಿಲೆ, ಕೆಳಗೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿ ಕೂಡುವುದೆಂದು ನಂಬಿದವರು ಅದನ್ನು ತ್ರಿವೇಣಿಯೆಂದರು. ನಮ್ಮ ದೇಹದೊಳಗೂ ನಂಜಿನ ಕೆಲಸ ನೋಡಿಕೊಳ್ಳುವ ಎರಡು ಅಂಗಗಳಿವೆ. ಶಿವನಂತೆ ಅವು ನಂಜನ್ನು ಕಂಠದಲ್ಲಿ ನಿಲ್ಲಿಸಿಕೊಳ್ಳುವುದಿಲ್ಲ. ಸೋಸಿ ಹೊರಕ್ಕೆ ಕಳುಹಿಸುತ್ತವೆ. ಹೋಲಿಕೆ ಅಲ್ಲಿಗೆ ಸಾಕು. ಸಕ್ಕರೆ ಕಾಯಿಲೆಯುಳ್ಳವರ ಮೂತ್ರಪಿಂಡಗಳ ವಿಚಾರವನ್ನು ಈ ಎರಡು ತಾಲ್ಲೂಕುಗಳ ಊಟವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುವುದು ಇಂದಿನ ಮಾತಿನ ಉದ್ದೇಶ.

ಸಕ್ಕರೆ ಕಾಯಿಲೆ ಪಟ್ಟಣದ ಸಿರಿವಂತರದು, ಮೈಮುರಿದು ದುಡಿಯುವವರಿಗೆ ಅದರ ಭಯವಿಲ್ಲ ಎಂಬ ಮಾತು ಹಿಂದೆ ವೈದ್ಯರ ಬಾಯಲ್ಲೂ ಇತ್ತು. ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದ ಮೇಲೆ ಇಲ್ಲಿಯ ಅನೇಕ ಹೊಲಗಳು ಗದ್ದೆಗಳಾದವು. ರಾಗಿ ಬೆಳೆಯುತ್ತಿದ್ದ ಕಡೆ ಭತ್ತವೂ ಕಬ್ಬೂ ಬಂದವು. ಮುದ್ದೆಯ ಜೊತೆಗೆ ಒಂದು ತುತ್ತು ಅನ್ನ ಎನ್ನುತ್ತಿದ್ದ ಮನೆಗಳಲ್ಲಿ ಅನ್ನದ ಜೊತೆಗೆ ಒಂದು ತುತ್ತು ಮುದ್ದೆ ಎನ್ನುವ ಕಾಲ ಬಂತು. ಇದೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ನಮ್ಮ ಜನ ಮಿಷನ್ ಆಸ್ಪತ್ರೆ ಎನ್ನುವುದು ಇದನ್ನೇ, 1934ರಿಂದೀಚೆಗೆ ಹುಟ್ಟಿದ ಶಿಶುಗಳ ತೂಕ ಮತ್ತು ಅಳತೆಗಳನ್ನು ದಾದಿಯರು ಬರೆದಿಟ್ಟ ಪುಸ್ತಕಗಳು ಉಳಿದಿದ್ದವು. 1990ರ ದಶಕದಲ್ಲಿ ಸಂಶೋಧಕರು ಆ ಶಿಶುಗಳನ್ನು, ಆಗ ನಡುವಯಸ್ಸು ದಾಟಿದ್ದವರನ್ನು, ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಮೆಯಿದ್ದವರಲ್ಲಿ ಮುಂದೆ ಹೃದ್ರೋಗ ಹೆಚ್ಚು. ಕುಳ್ಳಗೆ ದುಂಡಗೆ ಹುಟ್ಟಿದವರಲ್ಲಿ, ತಾಯಿ ಭಾರವಾಗಿದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಎಂದು ಅವರು ಕಂಡರು. ನಿಮ್ಮ ಬಾಯಿಚಪಲದಿಂದಲೇ ಬಂತು ಎಂದು ರೋಗಿಯನ್ನು ಹಂಗಿಸುವ ಬಂಧುಗಳಿಗೆ ಆ ಹಳೆಯ ಪುಸ್ತಕಗಳು ಒಳ್ಳೆಯ ಉತ್ತರ.

ಮೂತ್ರಪಿಂಡವೆಂದರೆ ಹಿಡಿಯಷ್ಟು ಗಾತ್ರದ ಅಂಗ. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳಿವೆ. ಇವು ಎರಡೂ ಕೂಡಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ದೇಹಕ್ಕೆ ಬೇಕಾದುದನ್ನೆಲ್ಲ ಹಿಂದಕ್ಕೆ ಎಳೆದುಕೊಂಡು ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಬಿಡುತ್ತವೆ. ರಕ್ತದಲ್ಲಿ ಸಕ್ಕರೆ ಏರಿ ನಿಂತರೆ ಮೊದಮೊದಲು ಈ ಜರಡಿಗಳು ಸೋಮಾರಿಯಾಗುವುದಿಲ್ಲ, ಅತಿಯಾಗಿ ದುಡಿಯುತ್ತವೆ. ಒಳಗಿನ ಒತ್ತಡ ಹೆಚ್ಚುತ್ತದೆ, ಜರಡಿಯ ಗೋಡೆ ದಪ್ಪವಾಗುತ್ತದೆ, ಕಣ್ಣುಗಳು ಕೆಡುತ್ತವೆ. ರಕ್ತದಲ್ಲಿಯೇ ಉಳಿಯಬೇಕಾದ ಆಲ್ಬುಮಿನ್ ಎಂಬ ಸಸಾರಜನಕ ಸ್ವಲ್ಪಸ್ವಲ್ಪವಾಗಿ ಮೂತ್ರಕ್ಕೆ ಸೋರತೊಡಗುತ್ತದೆ. ಇದಕ್ಕೆ ವರ್ಷಗಳು ಹಿಡಿಯುತ್ತವೆ. ಆ ವರ್ಷಗಳಲ್ಲಿ ನೋವಿಲ್ಲ, ಜ್ವರವಿಲ್ಲ, ಮೂತ್ರ ಕಡಮೆಯಾಗುವುದೂ ಇಲ್ಲ. ‘ಮೂತ್ರ ಚೆನ್ನಾಗಿ ಹೋಗುತ್ತಿದೆ, ಕಿಡ್ನಿಗೆ ಏನಾಗಿದೆ?’ ಎಂದು ಕೇಳುವವರ ತರ್ಕ ಸಹಜವಾದುದೇ; ಆದರೆ ಮೂತ್ರದ ಪ್ರಮಾಣ ಬೇರೆ, ಅದು ಹೊತ್ತೊಯ್ಯುವ ಕೊಳೆ ಬೇರೆ.

ಸೋರುವ ಆಲ್ಬುಮಿನನ್ನು ಕಂಡುಹಿಡಿಯುವ ಕಥೆ ಹಳೆಯದು. 1827ರಲ್ಲಿ ಲಂಡನ್ನಿನ ರಿಚರ್ಡ್ ಬ್ರೈಟ್ ಎಂಬ ವೈದ್ಯ ಮೈಯೂದಿದ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ಕಾಯಿಸಿ ನೋಡಿದ. ಮೊಟ್ಟೆಯ ಬಿಳಿಯಂತೆ ಅದು ಹೆಪ್ಪುಗಟ್ಟಿತು. ಆದರೆ ಚಮಚದಲ್ಲಿ ಹೆಪ್ಪುಗಟ್ಟುವಷ್ಟು ಆಲ್ಬುಮಿನ್ ಸೋರುವ ಹೊತ್ತಿಗೆ ರೋಗ ಬಹಳ ಮುಂದೆ ಹೋಗಿರುತ್ತದೆ. ಅದಕ್ಕೂ ಎಷ್ಟೋ ಮೊದಲಿನ ಅತಿ ಸಣ್ಣ ಸೋರಿಕೆಯನ್ನು ಅಳೆಯುವ ವಿಧಾನವನ್ನು 1960ರ ದಶಕದಲ್ಲಿ ಲಂಡನ್ನಿನ ಹ್ಯಾರಿ ಕೀನ್ ಮತ್ತು ಅವರ ಸಂಗಡಿಗರು ರೂಪಿಸಿದರು. ಈ ಸಣ್ಣ ಸೋರಿಕೆಯುಳ್ಳವರಲ್ಲಿಯೇ ಮುಂದೆ ದೊಡ್ಡ ಸೋರಿಕೆ ಬರುವುದೆಂದು 1984ರಲ್ಲಿ ಡೆನ್ಮಾರ್ಕಿನ ಮೊಗೆನ್ಸೆನ್ ತೋರಿಸಿಕೊಟ್ಟರು. ಇಂದು ಪರೀಕ್ಷೆಯ ಚೀಟಿಯಲ್ಲಿ ‘ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ’ ಎಂದು ಬರೆದಿರುವುದು ಇದನ್ನೇ. ಒಂದು ಗ್ರಾಂ ಕ್ರಿಯಾಟಿನಿನ್ನಿಗೆ ಆಲ್ಬುಮಿನ್ 30 ಮಿಲಿಗ್ರಾಮಿಗಿಂತ ಕಡಮೆಯಿದ್ದರೆ ನಿಶ್ಚಿಂತೆ; 30ರಿಂದ 300ರ ನಡುವೆ ಇದ್ದರೆ ಎಚ್ಚರಿಕೆ; 300 ದಾಟಿದರೆ ಸೋರಿಕೆ ತೀವ್ರವಾಗಿದೆಯೆಂದು ಅರ್ಥ. ಆದರೆ ಒಂದೇ ಚೀಟಿಯನ್ನು ನಂಬಬಾರದು. ಜ್ವರ ಬಂದಾಗ, ಮೂತ್ರದ ಸೋಂಕಿದ್ದಾಗ, ಹಿಂದಿನ ದಿನ ಮೈಮುರಿಯೆ ದುಡಿದಿದ್ದಾಗ ಅಂಕಿ ತಾನಾಗಿ ಏರುವುದುಂಟು. ಮೂರರಿಂದ ಆರು ತಿಂಗಳ ಅವಧಿಯಲ್ಲಿ ಮೂರು ಸಲ ನೋಡಿ, ಎರಡು ಸಲವಾದರೂ ಹೆಚ್ಚಿದ್ದರೆ ಮಾತ್ರ ಸೋರಿಕೆ ನಿಜವೆಂದು ಹೇಳುತ್ತೇವೆ.

ನಮ್ಮಲ್ಲಿ ಈ ಪರೀಕ್ಷೆಯನ್ನು ಬರೆಸುವವರು ಕಡಮೆ; ಬಹುಮಂದಿ ರಕ್ತದ ಕ್ರಿಯಾಟಿನಿನ್ ಒಂದನ್ನೇ ನೋಡಿ ಸಮಾಧಾನ ಪಡುತ್ತಾರೆ. ಕ್ರಿಯಾಟಿನಿನ್ ಸ್ನಾಯುಗಳಲ್ಲಿ ದಿನವೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಹುಟ್ಟುವ ಕಸ. ಮೂತ್ರಪಿಂಡ ಅದನ್ನು ಹೊರಹಾಕದಿದ್ದರೆ ರಕ್ತದಲ್ಲಿ ಉಳಿಯುತ್ತದೆ. ತೊಡಕೆಲ್ಲಿದೆಯೆಂದರೆ, ಮೂತ್ರಪಿಂಡದ ಶಕ್ತಿ ಸುಮಾರು ಅರ್ಧದಷ್ಟು ಹೋಗುವವರೆಗೂ ಈ ಅಂಕಿ ‘ಸಾಮಾನ್ಯ’ವೆಂಬ ಗೆರೆಯೊಳಗೇ ನಿಂತಿರಬಲ್ಲದು. ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬ 30 ವರ್ಷದ ಗಟ್ಟಿಮುಟ್ಟಾದ ಯುವಕ. ಇನ್ನೊಬ್ಬರು 65 ವರ್ಷದ ತಾಯಿ. ಇಬ್ಬರ ಚೀಟಿಯಲ್ಲಿಯೂ ಕ್ರಿಯಾಟಿನಿನ್ 1.2. ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಲೆಕ್ಕಹಾಕುವ, 2021ರಲ್ಲಿ ಪರಿಷ್ಕೃತವಾದ ಸೂತ್ರಕ್ಕೆ ಇದನ್ನು ಹಾಕಿದರೆ ಯುವಕನ ಮೂತ್ರಪಿಂಡಗಳು ನಿಮಿಷಕ್ಕೆ ಸುಮಾರು 83 ಮಿಲಿಲೀಟರ್ ಸೋಸುತ್ತಿವೆ. ಆ ತಾಯಿಯವು ಸುಮಾರು 50. ಅಂಕಿ ಒಂದೇ, ಸ್ಥಿತಿ ಒಂದೇ ಅಲ್ಲ. ಈ ಲೆಕ್ಕಕ್ಕೆ ‘ಇ–ಜಿ.ಎಫ್.ಆರ್.’ ಎಂದು ಹೆಸರು. 90ಕ್ಕೆ ಮೇಲಿದ್ದರೆ ಸರಿ. 60ಕ್ಕಿಂತ ಕೆಳಗೆ ಮೂರು ತಿಂಗಳಿಗೂ ಹೆಚ್ಚು ಕಾಲ ನಿಂತರೆ ಮೂತ್ರಪಿಂಡದ ದೀರ್ಘರೋಗವೆನ್ನುತ್ತೇವೆ. 30ಕ್ಕಿಂತ ಕೆಳಗಿಳಿದರೆ ತಜ್ಞರ ಕೈಗೆ ಒಪ್ಪಿಸಬೇಕು. 15ಕ್ಕಿಂತ ಕಡಮೆಯಾದರೆ ಡಯಾಲಿಸಿಸ್ ಅಥವಾ ಬದಲಿ ಮೂತ್ರಪಿಂಡದ ಮಾತು ಬರುತ್ತದೆ. ಇ–ಜಿ.ಎಫ್.ಆರ್. ಚೆನ್ನಾಗಿದ್ದರೂ ಆಲ್ಬುಮಿನ್ ಸೋರುತ್ತಿರಬಹುದು; ಆಲ್ಬುಮಿನ್ ಸೋರದೆಯೇ ಇ–ಜಿ.ಎಫ್.ಆರ್. ಕುಸಿಯುವುದೂ ಉಂಟು. ಆದ್ದರಿಂದ ರಕ್ತ, ಮೂತ್ರ ಎರಡರ ಪರೀಕ್ಷೆಯೂ ವರ್ಷಕ್ಕೊಮ್ಮೆಯಾದರೂ ಬೇಕು. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಸಕ್ಕರೆ ಕಾಯಿಲೆಗೆ, ಅದು ಗೊತ್ತಾದ ದಿನದಿಂದಲೇ ಬೇಕು. ಏಕೆಂದರೆ ಗೊತ್ತಾಗುವುದಕ್ಕೆ ಮುಂಚೆಯೇ ಕಾಯಿಲೆಗೆ ಕೆಲವು ವರ್ಷ ತುಂಬಿರಬಹುದು. ಯೂರಿಯಾದ ಅಂಕಿಯನ್ನು ನೋಡಿ ಹೆದರುವವರಿಗೆ ಒಂದು ಮಾತು: ಅದು ಊಟದ ಬೇಳೆಮಾಂಸಗಳಿಂದಲೂ, ಬಿಸಿಲಿನಲ್ಲಿ ನೀರು ಕಡಮೆಯಾದುದರಿಂದಲೂ ಏರುತ್ತದೆ.

ಇನ್ನೊಂದು ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಸಂತೋಷದ ವೇಷದಲ್ಲಿ ಬರುವ ಅಪಾಯವಿದು. ಹತ್ತು ಹದಿನೈದು ವರ್ಷ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡವರಿಗೆ ಇದ್ದಕ್ಕಿದ್ದಂತೆ ಸಕ್ಕರೆ ಇಳಿಯತೊಡಗುತ್ತದೆ. ಹಳೆಯ ಪ್ರಮಾಣದ ಔಷಧಕ್ಕೆ ತಲೆ ಸುತ್ತುತ್ತದೆ, ಬೆವರು ಕಿತ್ತುಬರುತ್ತದೆ. ಔಷಧ ಅರ್ಧಕ್ಕಿಳಿಸಿದರೂ ಸಕ್ಕರೆ ಹಿಡಿತದಲ್ಲಿದೆ. ಮನೆಯವರು ನಂಜುಂಡೇಶ್ವರನಿಗೆ ಹಣ್ಣುಕಾಯಿ ಮಾಡಿಸುತ್ತಾರೆ. ಯಾರೋ ಕೊಟ್ಟ ಕಷಾಯದ ಮಹಿಮೆ ಊರೆಲ್ಲ ಹರಡುತ್ತದೆ. ನಿಜಸಂಗತಿ ಬೇರೆಯೇ ಇರಬಹುದು. ದೇಹದ ಇನ್ಸುಲಿನ್ನಿನ ಗಣನೀಯ ಭಾಗವನ್ನು ಕರಗಿಸಿ ಕಳೆಯುವುದು ಮೂತ್ರಪಿಂಡವೇ. ಅದು ಸೋತಾಗ ಇನ್ಸುಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಕೆಲವು ಮಾತ್ರೆಗಳೂ ಹಾಗೆಯೇ. ಜೊತೆಗೆ ಊಟ ಸೇರುವುದಿಲ್ಲ. ಹೀಗೆ ಸಕ್ಕರೆ ಇಳಿಯುವುದು ಕಾಯಿಲೆ ವಾಸಿಯಾದುದರ ಗುರುತಾಗಿರದೆ ಮೂತ್ರಪಿಂಡ ಕೈಸೋತುದರ ಗುರುತಾಗಿರಬಹುದು. ಕಾರಣವಿಲ್ಲದೆ ಸಕ್ಕರೆ ಇಳಿದರೆ ಮೊದಲು ಕ್ರಿಯಾಟಿನಿನ್ ನೋಡಿಸಬೇಕು. ಕಾರ್ತೀಕ ಸೋಮವಾರದ ಉಪವಾಸ ಮಾಡುವವರು ಇಂಥ ಸ್ಥಿತಿಯಲ್ಲಿ ಹಿಂದಿನಂತೆಯೇ ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಸಂಜೆಯ ದೀಪಾರಾಧನೆಯ ಹೊತ್ತಿಗೆ ಪ್ರಜ್ಞೆ ತಪ್ಪಿದರೂ ಆಶ್ಚರ್ಯವಿಲ್ಲ.

ಇನ್ನು ಊಟದ ಎಲೆಗೆ ಬರೋಣ. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಹೇಳುವುದು: ಸೊಪ್ಪು, ಕಾಳು, ರಾಗಿ ಹೆಚ್ಚಾಗಿರಲಿ. ಮೂತ್ರಪಿಂಡದ ರೋಗಿಗೆ ನೆಂಟರಿಷ್ಟರು ಹೇಳುವುದು: ಸೊಪ್ಪು ಬೇಡ, ಕಾಳು ಬೇಡ, ಬಾಳೆಹಣ್ಣು ಮುಟ್ಟಬೇಡ, ಎಳನೀರು ವಿಷ. ಎರಡು ಕಾಯಿಲೆಯೂ ಇರುವ ಬಡಪಾಯಿ ಎರಡು ಪಟ್ಟಿಗಳನ್ನೂ ಕೂಡಿಸಿಕೊಂಡರೆ ಎಲೆಯ ಮೇಲೆ ಉಳಿಯುವುದು ಗಂಜಿ ಮಾತ್ರ. ಆಲ್ಬುಮಿನ್ ಸ್ವಲ್ಪ ಸೋರುತ್ತಿದೆ, ಇ–ಜಿ.ಎಫ್.ಆರ್. 80 ಇದೆ ಎಂಬ ವ್ಯಕ್ತಿ ಡಯಾಲಿಸಿಸ್ ಹಂತದವನ ಪಥ್ಯ ಹಿಡಿದು ಸೊರಗಿದುದನ್ನು ನಮ್ಮ ಕಡೆ ಕಾಣುವುದು ಅಪರೂಪವಲ್ಲ. ಪಥ್ಯವನ್ನು ಗೊತ್ತುಮಾಡಬೇಕಾದದ್ದು ರೋಗದ ಹೆಸರಲ್ಲ, ಚೀಟಿಯ ಅಂಕಿಗಳು.

ಎಲ್ಲ ಹಂತದವರಿಗೂ ಹೊಂದುವ ನಿಯಮ ಒಂದೇ, ಅದು ಉಪ್ಪಿನದು. ದಿನಕ್ಕೆ 5 ಗ್ರಾಮಿಗಿಂತ, ಎಂದರೆ ಒಂದು ಸಣ್ಣ ಚಮಚೆಗಿಂತ, ಕಡಮೆ ಇರಬೇಕು. ಸಾರಿಗೆ ಹಾಕಿದ ಉಪ್ಪಷ್ಟನ್ನೇ ಲೆಕ್ಕ ಹಿಡಿದರೆ ಸಾಲದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಅಂಗಡಿಯ ಚೌಚೌ, ಬೇಕರಿಯ ತಿನಿಸು ಎಲ್ಲದರಲ್ಲಿಯೂ ಅದು ಅಡಗಿದೆ. ಉಪ್ಪುಸಾರಂತೂ ತನ್ನ ಹೆಸರಿನಲ್ಲಿಯೇ ತಪ್ಪೊಪ್ಪಿಕೊಂಡಿದೆ. ಉಪ್ಪು ಇಳಿಸಿದರೆ ರಕ್ತದೊತ್ತಡ ಇಳಿಯುತ್ತದೆ, ಔಷಧ ಚೆನ್ನಾಗಿ ಹತ್ತುತ್ತದೆ, ಸೋರಿಕೆಯೂ ತಗ್ಗುತ್ತದೆ. ಆದರೆ ಉಪ್ಪಿನ ಬದಲಿಗೆಂದು ಮಾರುವ ‘ಕಡಮೆ ಸೋಡಿಯಂ’ ಪೊಟ್ಟಣಗಳಲ್ಲಿ ಪೊಟ್ಯಾಸಿಯಂ ಬೆರೆತಿರುತ್ತದೆ. ಮೂತ್ರಪಿಂಡ ಸೋತವರಿಗೆ ಅದು ಮಾಮೂಲಿ ಉಪ್ಪಿಗಿಂತ ಅಪಾಯಕರ.

ಸಸಾರಜನಕದ ವಿಷಯದಲ್ಲಿ ನಮ್ಮ ಜನರ ಭಯ ಅತಿಯಾಗಿದೆ. ಡಯಾಲಿಸಿಸ್ ಬೇಕಾಗದ ಹಂತದಲ್ಲಿ ದೇಹದ ತೂಕದ ಒಂದು ಕಿಲೋಗೆ 0.8 ಗ್ರಾಂ ಸಾಕು ಎನ್ನುತ್ತಾರೆ. 60 ಕಿಲೋ ತೂಕದವರಿಗೆ ದಿನಕ್ಕೆ 48 ಗ್ರಾಂ. ಎರಡು ಹೊತ್ತು ಮುದ್ದೆ ಅಥವಾ ಅನ್ನ, ಒಂದು ಬಟ್ಟಲು ಬೇಳೆಸಾರು, ಒಂದು ಲೋಟ ಮಜ್ಜಿಗೆ ಎಂಬ ಊಟ ಅದನ್ನು ಮೀರುವುದೇ ಕಷ್ಟ. ಇಂಥವರಿಗೆ ಬೇಳೆ ಬಿಡಿ ಎಂದು ಹೇಳುವುದು ಅನ್ಯಾಯ. ಹೇಳಬೇಕಾದದ್ದು ಮಾಂಸವನ್ನು ಮಿತಿಮೀರಿ ತಿನ್ನುವವರಿಗೆ, ಡಬ್ಬಿಯ ಪ್ರೋಟೀನ್ ಪುಡಿಯನ್ನು ಬೆರೆಸಿ ಕುಡಿಯುವವರಿಗೆ. ವಿಚಿತ್ರವೆಂದರೆ ಡಯಾಲಿಸಿಸ್ ಪ್ರಾರಂಭವಾದ ಮೇಲೆ ಈ ನಿಯಮ ತಿರುಗುಮುರುಗಾಗುತ್ತದೆ. ಯಂತ್ರದ ಮೂಲಕ ಸಸಾರಜನಕದ ಅಂಶಗಳೂ ನಷ್ಟವಾಗುವುದರಿಂದ ಕಿಲೋಗೆ 1ರಿಂದ 1.2 ಗ್ರಾಮಿನವರೆಗೆ ಬೇಕಾಗುತ್ತದೆ. 2016ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ. ಅಲ್ಲಿಗೆ ಬಂದು ಹೋಗುವವರಲ್ಲಿ ಹಳೆಯ ಪಥ್ಯವನ್ನೇ ಮುಂದುವರಿಸಿ ಕೃಶರಾದವರಿದ್ದಾರೆ.

ಈಗ ಪೊಟ್ಯಾಸಿಯಂ. ನಂಜನಗೂಡಿನ ರಸಬಾಳೆಗೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ. ಪನಾಮ ಸೊರಗುರೋಗದಿಂದ ತೋಟಗಳು ಕರಗಿ, ಹಣ್ಣು ಅಪೂರ್ವವಾಗಿದೆ. ಬಾಳೆಹಣ್ಣಿನ 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಒಂದು ಎಳನೀರಿನಲ್ಲಿ ಅದರ ಒಂದೂವರೆ ಎರಡು ಪಟ್ಟು ಇರಬಹುದು. ರಕ್ತದ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲಿನೊಳಗೆ ಇರುವವರೆಗೆ ಇದಾವುದಕ್ಕೂ ಹೆದರಬೇಕಿಲ್ಲ. ಸಕ್ಕರೆಯ ದೃಷ್ಟಿಯಿಂದ ಒಂದು ಸಣ್ಣ ಹಣ್ಣಿಗೆ ನಿಲ್ಲಿಸಿದರಾಯಿತು. ಅಂಕಿ 5ನ್ನು ಮೀರಿ ಏರತೊಡಗಿದರೆ ಮಾತು ಬೇರೆ. ಪೊಟ್ಯಾಸಿಯಂ ಅತಿಯಾದರೆ ಹೃದಯದ ಬಡಿತ ತಪ್ಪುತ್ತದೆ, ಮುನ್ಸೂಚನೆಯಿಲ್ಲದೆ ನಿಲ್ಲಲೂಬಹುದು. ಆಗ ರಸಬಾಳೆಯನ್ನು ದೇವರಿಗೆ ನೈವೇದ್ಯ ಮಾಡಿ ಮೊಮ್ಮಕ್ಕಳಿಗೆ ಕೊಡಬೇಕು.

ಇಲ್ಲಿ ನಮ್ಮ ಬಸ್ಸಾರು ಒಂದು ಪಾಠ ಹೇಳುತ್ತದೆ. ಪೊಟ್ಯಾಸಿಯಂ ನೀರಿನಲ್ಲಿ ಕರಗುವ ವಸ್ತು. ಆದ್ದರಿಂದ ತರಕಾರಿಯನ್ನು ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ ತಿನ್ನಿ ಎಂದು ತಜ್ಞರು ಬರೆಯುತ್ತಾರೆ. ನಮ್ಮ ತಾಯಂದಿರು ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿಯುವವರೆಗೆ ಈ ವಿಧಿಯನ್ನು ಅಕ್ಷರಶಃ ಪಾಲಿಸುತ್ತಾರೆ. ಆಮೇಲೆ ಬಸಿದ ಕಟ್ಟನ್ನು ಚೆಲ್ಲುವ ಬದಲು ಖಾರ ಅರೆದು ಹಾಕಿ ಸಾರು ಮಾಡುತ್ತಾರೆ. ಸೊಪ್ಪಿನಿಂದ ಹೊರಬಂದ ಪೊಟ್ಯಾಸಿಯಂನ ಬಹುಭಾಗ ಸಾರಿನಲ್ಲಿ ಕುಳಿತಿರುತ್ತದೆ. ಆರೋಗ್ಯವಂತರಿಗೆ ಇದು ಒಳ್ಳೆಯದೇ, ಏನೂ ವ್ಯರ್ಥವಾಗುವುದಿಲ್ಲ. ಪೊಟ್ಯಾಸಿಯಂ ಏರಿರುವವರು ಮಾತ್ರ ಪಲ್ಯವನ್ನು ತಮ್ಮ ಎಲೆಗೆ ಹಾಕಿಸಿಕೊಂಡು, ಸಾರನ್ನು ಮನೆಯ ಉಳಿದವರಿಗೆ ಬಿಡಬೇಕು. ಬೇರೆ ಅಡಿಗೆ ಮಾಡುವ ತೊಂದರೆಯೂ ತಪ್ಪುತ್ತದೆ. ರಾಗಿಯ ವಿಷಯದಲ್ಲಿ ಇಷ್ಟು ಹೇಳಿದರೆ ಸಾಕು: ಅದು ಔಷಧವಲ್ಲ, ಧಾನ್ಯ. ನಾರು ಹೆಚ್ಚಾಗಿದೆಯೆಂಬುದು ನಿಜ. ಆದರೂ ಪಿಷ್ಟದ ಲೆಕ್ಕದಲ್ಲಿ ಅಕ್ಕಿಗಿಂತ ಬಹಳ ದೂರವಿಲ್ಲ. ಅನ್ನ ಬಿಟ್ಟೆನೆಂದು ಎರಡು ದೊಡ್ಡ ಮುದ್ದೆ ನುಂಗಿದರೆ ಸಕ್ಕರೆ ಇಳಿಯದು.

ಮದ್ದೆಂದು ತೆಗೆದುಕೊಳ್ಳುವ ಕೆಲವು ಪದಾರ್ಥಗಳೇ ಮುಳುವಾಗುತ್ತವೆ. ಬಾಳೆದಿಂಡಿನ ರಸವನ್ನು ಜನ ಮೂತ್ರದ ಕಲ್ಲಿಗೆ ಕುಡಿಯುತ್ತಾರೆ. ಕಲ್ಲಿಗೆ ಒಳ್ಳೆಯದಾದರೆ ಕಿಡ್ನಿಗೂ ಒಳ್ಳೆಯದೆಂದು ಸೋತ ಮೂತ್ರಪಿಂಡದವರಿಗೂ ಕುಡಿಸುತ್ತಾರೆ. ಅದರಲ್ಲಿಯೂ ಪೊಟ್ಯಾಸಿಯಂ ಇದೆ. ಐದು ಏಣುಗಳ ಧಾರೆಹುಳಿ, ಕಮರಾಕ್ಷಿಯೆಂದೂ ಇದನ್ನು ಕರೆಯುತ್ತಾರೆ, ಇಂಥ ರೋಗಿಗಳ ಮಿದುಳಿಗೆ ನಿಜಕ್ಕೂ ನಂಜು. ಬಿಡದ ಬಿಕ್ಕಳಿಕೆಯಿಂದ ಆರಂಭವಾಗಿ ಸೆಳೆತ, ಪ್ರಜ್ಞಾಹೀನತೆಗಳವರೆಗೆ ಹೋಗಬಹುದು. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್ ಜಾತಿಯ ಮಾತ್ರೆ. ನಾಟಿ ಕೆಲಸದ ದಿನಗಳಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿದವರು ವಾರಗಟ್ಟಲೆ ಅದನ್ನು ತೆಗೆದುಕೊಳ್ಳುತ್ತಾರೆ. ಹೆಸರು ಗೊತ್ತಿಲ್ಲದ ಪುಡಿ, ಭಸ್ಮಗಳ ಬಗೆಗೂ ನನಗೆ ಇದೇ ಅನುಮಾನ.

ಹೀಗೆಂದು ಕೈಚೆಲ್ಲಬೇಕಾಗಿಲ್ಲ. ರಕ್ತದೊತ್ತಡ 130/80ಕ್ಕಿಂತ ಕೆಳಗಿದ್ದು ಸಕ್ಕರೆ ಹಿಡಿತದಲ್ಲಿದ್ದರೆ ಸೋರಿಕೆ ನಿಧಾನವಾಗುತ್ತದೆ. ಕ್ಯಾಪ್ಟೋಪ್ರಿಲ್ ಎಂಬ ಒತ್ತಡದ ಔಷಧ ಸಕ್ಕರೆ ಕಾಯಿಲೆಯವರ ಮೂತ್ರಪಿಂಡವನ್ನು ಕಾಯುವುದೆಂದು 1993ರಲ್ಲಿ ಸಾಬೀತಾಯಿತು. ಆ ಬಳಗದ ಔಷಧಗಳು ಈಗ ಅಗ್ಗವಾಗಿ ದೊರೆಯುತ್ತವೆ. ಈಚಿನ ವರ್ಷಗಳಲ್ಲಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ಗಳು ಬಂದಿವೆ. ಇಂಥ ಔಷಧ ಶುರುಮಾಡಿದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿದರೆ ಗಾಬರಿಯಿಂದ ತಾವಾಗಿಯೇ ನಿಲ್ಲಿಸಬಾರದು. ಅದು ಜರಡಿಯ ಒತ್ತಡ ಇಳಿದುದರ ಫಲವಾಗಿರಬಹುದು. ಏರಿಕೆ ಎಷ್ಟೆಂದು ವೈದ್ಯರು ನೋಡಿ ತೀರ್ಮಾನಿಸಲಿ. ದೊಡ್ಡ ಆಸ್ಪತ್ರೆಯಿಲ್ಲದೆ ಇದು ಸಾಧ್ಯವೇ ಎಂದರೆ, ಚೆನ್ನೈ ಬಳಿಯ ಹಳ್ಳಿಗಳಲ್ಲಿ ಡಾ. ಎಂ. ಕೆ. ಮಣಿಯವರ ಕಿಡ್ನಿ ಹೆಲ್ಪ್ ಟ್ರಸ್ಟ್ ಮಾಡಿ ತೋರಿಸಿದೆ. ಅಲ್ಲಿ ಶಾಲೆ ಕಲಿತ ಹಳ್ಳಿಯ ಹೆಣ್ಣುಮಕ್ಕಳೇ ಮನೆಮನೆಗೆ ಹೋಗಿ ರಕ್ತದೊತ್ತಡ ಅಳೆದು, ಮೂತ್ರದಲ್ಲಿ ಸಕ್ಕರೆ ಮತ್ತು ಆಲ್ಬುಮಿನ್ ಇವೆಯೇ ಎಂದು ನೋಡುತ್ತಿದ್ದರು. ರೋಗವಿದ್ದವರಿಗೆ ಅಗ್ಗದ ಔಷಧಗಳಿಂದಲೇ ಚಿಕಿತ್ಸೆ ನಡೆಯಿತು. ಬ್ರೈಟನ ಚಮಚ ಮತ್ತು ಮೇಣದಬತ್ತಿಯಿಂದ ಅವರ ಸಲಕರಣೆ ಬಹಳ ದೂರವಿರಲಿಲ್ಲ.

ಪರೀಕ್ಷೆಗೆ ಹೋಗುವವರು ನೆನಪಿಡಬೇಕಾದ ಒಂದೆರಡು ಸಂಗತಿಗಳಿವೆ. ಮೂತ್ರವನ್ನು ಬೆಳಗ್ಗೆ ಎದ್ದೊಡನೆ ಹಿಡಿಯುವುದು ಮೇಲು. ಹಿಂದಿನ ರಾತ್ರಿ ಭಾರಿ ಮಾಂಸದೂಟವಾಗಿದ್ದರೆ ಕ್ರಿಯಾಟಿನಿನ್ ತುಸು ಹೆಚ್ಚಾಗಿ ಕಾಣುತ್ತದೆ. ಎರಡು ದಿನ ಬಿಟ್ಟು ಹೋಗಿ. ಜ್ವರವೋ ವಾಂತಿಭೇದಿಯೋ ಇದ್ದಾಗ ಮಾಡಿಸಿದ ಪರೀಕ್ಷೆಯನ್ನು ಚೇತರಿಸಿಕೊಂಡ ಮೇಲೆ ಮತ್ತೆ ಮಾಡಿಸಿ. ನುಂಗುವ ಎಲ್ಲ ಮಾತ್ರೆಗಳ ಪೊಟ್ಟಣಗಳನ್ನೂ, ನೋವಿನ ಮಾತ್ರೆಯನ್ನು ಸೇರಿಸಿ, ವೈದ್ಯರ ಮುಂದಿಡಿ. ಹಳೆಯ ಚೀಟಿಗಳನ್ನು ತಾರೀಖಿನ ಕ್ರಮದಲ್ಲಿ ಒಂದು ದಾರದಲ್ಲಿ ಪೋಣಿಸಿಟ್ಟುಕೊಂಡು ಹೋಗಿ. ಕ್ರಿಯಾಟಿನಿನ್ 1.4 ಎಂದು ಇಂದು ಕಂಡರೆ ಐದು ವರ್ಷದಿಂದ ಅಲ್ಲಿಯೇ ನಿಂತಿದೆಯೋ, ಹೋದ ವರ್ಷ 0.9 ಇದ್ದದ್ದು ಇಲ್ಲಿಗೆ ಬಂದಿದೆಯೋ ಎಂಬುದನ್ನು ವೈದ್ಯರು ಆ ದಾರ ಬಿಚ್ಚಿಯೇ ತಿಳಿಯಬೇಕು.